ಗುಂಡನ ಎಡಗಣ್ಣು

ಮಗು ತೀರಿಕೊಂಡ ಸುದ್ದಿ ಬಂದಾಗ ನಾನು ನಮ್ಮ ಸ್ಟುಡಿಯೋದಲ್ಲಿ ಒಬ್ಬ ಲಾರಿ ಚಾಲಕನ ಫೋಟೋ ತೆಗೆಯುತ್ತಿದ್ದೆ. ಲೈಸೆನ್ಸಿಗೆ ಬೇಕಾದ ಫೋಟೋ. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಭುಜ ನೇರ ಮಾಡಿಸಿ, ಕ್ಯಾಮೆರಾದ ಹಿಂದೆ ಬಂದು ನಿಂತಿದ್ದೆ. ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು.

“ಅಪ್ಪ,” ಎಂದ ಮಗ. ಅವನ ಹಿಂದೆ ಆಸ್ಪತ್ರೆಯಲ್ಲಿ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋಗುವ ಸದ್ದು ಕೇಳಿಸುತ್ತಿತ್ತು. “ಅಂಗಡಿ ಮುಚ್ಚಿಬಿಡಿ ಅಪ್ಪ.”

ಏನಾಯಿತು ಎಂದು ಕೇಳುವ ಅಗತ್ಯವಿರಲಿಲ್ಲ. ಫೋನು ಕೆಳಗಿಟ್ಟು ಆ ಚಾಲಕನ ಫೋಟೋ ತೆಗೆದೆ. ಎಂಟು ಪ್ರತಿ ಕತ್ತರಿಸಿ ಕವರಿಗೆ ಹಾಕಿ ಕೊಟ್ಟೆ. ಅವನು ನನ್ನ ಮುಖ ನೋಡಿ, “ಯಾಕೆ ಯಜಮಾನ್ರೇ, ಹುಷಾರಿಲ್ವಾ?” ಎಂದ.

“ಮೊಮ್ಮಗ ಹೋದ.”

“ಅಯ್ಯೋ ದೇವರೇ. ಯಾವಾಗ?”

“ಈಗ ಫೋನ್ ಬಂತಲ್ಲ, ಅದೇ.”

“ಹಾಗಿದ್ಮೇಲೆ ನನ್ನ ಫೋಟೋ ಯಾಕೆ ತೆಗೀತಾ ಕೂತ್ರಿ?” ಎಂದು ಅವನು ಬೈದೇ ಬಿಟ್ಟ. ಅಂಗಡಿಯ ಷಟರ್ ಎಳೆಯಲು ಅವನೇ ಕೈಜೋಡಿಸಿದ.

ಮನೆಗೆ ಬಂದಾಗ ನನ್ನ ಹೆಂಡತಿ ಅಡುಗೆಮನೆಯಲ್ಲಿ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದಳು. ಆಸ್ಪತ್ರೆಗೆ ಒಯ್ಯುವ ಊಟದ ಡಬ್ಬಿ ತೊಳೆದು ಬೋರಲು ಹಾಕಿತ್ತು. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ ಚಾಕು ಕೆಳಗಿಟ್ಟಳು.

“ಹೇಳ್ಬೇಡಿ,” ಎಂದಳು. “ನೀವು ಬಾಯಿಬಿಟ್ಟು ಹೇಳ್ಬೇಡಿ.”

ಮೊಮ್ಮಗನಿಗೆ ಹದಿನೈದು ತಿಂಗಳಾಗಿತ್ತು. ನಾವು ಅವನನ್ನು ಗುಂಡ ಎಂದು ಕರೆಯುತ್ತಿದ್ದೆವು.

ಇದು ಎಲ್ಲಿಂದ ಶುರುವಾಯಿತೋ ಅಲ್ಲಿಂದಲೇ ಹೇಳಬೇಕು.

ಗುಂಡನಿಗೆ ಒಬ್ಬಳು ಅಕ್ಕ ಇದ್ದಾಳೆ. ಈಗ ಏಳು ವರ್ಷ. ಬಾಯಿ ಮುಚ್ಚುವುದೇ ಇಲ್ಲವಾದ್ದರಿಂದ ಪಟಪಟಿ ಎಂದೇ ಹೆಸರಾಗಿದೆ. ಅವಳು ಕೂಸಾಗಿದ್ದಾಗ ಎರಡು ಕಣ್ಣೂ ಮೂಗಿನ ಕಡೆಗೆ ಸರಿದ ಹಾಗೆ ಕಾಣುತ್ತಿದ್ದವು. ಮೆಳ್ಳಗಣ್ಣು ಎಂದು ಹೆದರಿ ಮನೆಮಂದಿಯೆಲ್ಲ ಆಸ್ಪತ್ರೆಗೆ ಹೋದೆವು. ಡಾಕ್ಟರು ಒಂದು ಪುಟ್ಟ ಟಾರ್ಚನ್ನು ಎದುರಿನಿಂದ ಹಿಡಿದು ನೋಡಿದರು. ಎರಡೂ ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಬೆಳಕಿನ ಚುಕ್ಕೆ ಒಂದೇ ಜಾಗದಲ್ಲಿ, ನಟ್ಟನಡುವೆ ಕೂತಿತ್ತು.

“ಕಣ್ಣು ನೆಟ್ಟಗಿದೆ ಅಜ್ಜ. ಮೂಗಿನ ಬುಡ ಅಗಲ ಇದೆ, ಅಲ್ಲಿನ ಚರ್ಮ ಕಣ್ಣಿನ ಬಿಳಿ ಭಾಗ ಮುಚ್ಚುತ್ತೆ. ಅದಕ್ಕೆ ಹಾಗೆ ಕಾಣುತ್ತೆ. ಬೆಳೀತಾ ಬೆಳೀತಾ ಸರಿಹೋಗುತ್ತೆ,” ಎಂದು ನಕ್ಕರು. “ತಪ್ಪು ಕಣ್ಣಿನದ್ದಲ್ಲ, ನಿಮ್ಮ ಮೂಗಿನದ್ದು.”

ನಾವೆಲ್ಲ ಒಬ್ಬರ ಮೂಗನ್ನು ಒಬ್ಬರು ನೋಡಿಕೊಂಡು ನಕ್ಕೆವು. ಅವರು ಹೇಳಿದ ಹಾಗೇ ಆಯಿತು. ಮೂರು ವರ್ಷ ತುಂಬುವುದರೊಳಗೆ ಪಟಪಟಿಯ ಕಣ್ಣು ಸರಿಯಾಗಿ ಕಾಣತೊಡಗಿತು. ನಲವತ್ತು ವರ್ಷ ಬೆಳಕಿನ ಕೆಲಸವನ್ನೇ ಮಾಡಿಕೊಂಡು ಬಂದವನಿಗೆ ಆ ಟಾರ್ಚಿನ ಉಪಾಯ ಬಹಳ ಹಿಡಿಸಿತ್ತು. ಕಂಡವರಿಗೆಲ್ಲ ಅದನ್ನು ವಿವರಿಸಿ ಹೇಳುತ್ತಿದ್ದೆ.

ಗುಂಡನಿಗೆ ಐದು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಸೊಸೆ ಅವನಿಗೆ ಸ್ನಾನ ಮಾಡಿಸಿ, ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು.

“ಅತ್ತೆ, ಇವನ ಎಡಗಣ್ಣು ನೋಡಿ. ಒಳಗಡೆ ಹೋಗ್ತಿದೆ.”

“ನಮ್ಮನೆ ಮೂಗು ಕಣೇ,” ಎಂದಳು ನನ್ನ ಹೆಂಡತಿ, ತಲೆ ಎತ್ತದೆ. “ಪಟಪಟಿಗೂ ಹಾಗೇ ಇತ್ತಲ್ಲ.”

“ಅವಳಿಗೆ ಎರಡೂ ಕಣ್ಣು ಹಾಗೆ ಕಾಣ್ತಿತ್ತು. ಇವನಿಗೆ ಒಂದೇ.”

“ಒಂದಾದ್ರೆ ಅರ್ಧ ಕಡಿಮೆ ಆಯ್ತಲ್ಲ, ಒಳ್ಳೇದೇ ಆಯ್ತು,” ಎಂದ ಮಗ, ಚಹಾ ಕುಡಿಯುತ್ತ. ಎಲ್ಲರೂ ನಕ್ಕೆವು. ಸೊಸೆ ನಗಲಿಲ್ಲ.

ಅವಳು ಬೇಕರಿಯೊಂದರಲ್ಲಿ ಬ್ರೆಡ್ಡು ಕತ್ತರಿಸಿ ಪ್ಯಾಕ್ ಮಾಡುವ ಕೆಲಸಕ್ಕೆ ಹೋಗುತ್ತಾಳೆ. ರಜೆ ಸೋಮವಾರ. ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಮಕ್ಕಳನ್ನು ನೋಡುವುದು ಗುರುವಾರ. ಒಡತಿಯನ್ನು ಕೇಳಿ, ಬೇರೆಯವಳ ಜೊತೆ ಪಾಳಿ ಬದಲಾಯಿಸಿಕೊಂಡು ಅವಳು ಒಂದು ಗುರುವಾರ ಬಿಡುವು ಮಾಡಿಕೊಂಡಳು. ಬುಧವಾರ ಸಂಜೆ ಊಟಕ್ಕೆ ಕೂತಾಗ ಮಗ ಹೇಳಿದ, “ನಾಳೆ ಆಗಲ್ಲ. ಶಾಲೆಯವರು ಗುರುತಿನ ಕಾರ್ಡಿನ ಫೋಟೋಗೆ ನಾಳೇನೇ ಬನ್ನಿ ಅಂದಿದ್ದಾರೆ. ಆರು ನೂರು ಮಕ್ಕಳು. ಅಪ್ಪನೂ ಬೇಕು, ನೀನೂ ಬೇಕು. ಹೆಸರು ಬರೆದುಕೊಳ್ಳೋರು ಯಾರು?”

“ನಾನು ಪಾಳಿ ಬದಲಾಯಿಸಿದ್ದು ಹೆಸರು ಬರೆಯೋಕಲ್ಲ.”

“ಒಂದು ವಾರ ತಾನೇ? ಕಣ್ಣು ಎಲ್ಲಿಗಾದ್ರೂ ಓಡಿಹೋಗುತ್ತಾ?”

“ನಿಮಗೆಲ್ಲ ಎಲ್ಲಾ ತಮಾಷೆ.”

ನಾನು ನಡುವೆ ಬಾಯಿ ಹಾಕಿದೆ. “ಸುಮ್ಮನೆ ಹೆದರಿಕೋಬೇಡಮ್ಮ. ಪ್ರಾರ್ಥನೆ ಮಾಡೋಣ. ದೇವರು ಕಣ್ಣು ಕೊಟ್ಟಿದ್ದಾನೆ, ಅವನೇ ನೆಟ್ಟಗೆ ಮಾಡ್ತಾನೆ.”

“ಪ್ರಾರ್ಥನೆ ನೀವು ಮಾಡಿ ಮಾವ. ಆಸ್ಪತ್ರೆಗೆ ನಾನು ಹೋಗ್ತೀನಿ,” ಎಂದು ತಟ್ಟೆ ಎತ್ತಿಕೊಂಡು ಎದ್ದಳು.

ಆದರೆ ಮರುದಿನ ಅವಳು ಶಾಲೆಗೇ ಬಂದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂತು ಆರು ನೂರು ಹೆಸರು ಬರೆದಳು.

ಮುಂದಿನ ಗುರುವಾರಕ್ಕೆ ಮತ್ತೆ ಪಾಳಿ ಬೇಡಲು ಅವಳಿಗೆ ಮುಜುಗರವಾಗಿತ್ತು. ಆದರೂ ಬೇಡಿದ್ದಳು. ಹೊರಡುವ ಮುನ್ನ ನಾನು, “ತಾಳು, ಅಷ್ಟು ದೂರ ಹೋಗಿ ಸಾಲಿನಲ್ಲಿ ನಿಲ್ಲೋ ಬದಲು ನಾನೇ ಒಂದು ಸಲ ನೋಡಿಬಿಡ್ತೀನಿ,” ಎಂದೆ. ಗುಂಡನನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿ, ಕಿಟಕಿಯ ಪರದೆ ಎಳೆದು, ಟಾರ್ಚು ಹಿಡಿದೆ.

ಬಲಗಣ್ಣಿನಲ್ಲಿ ಚುಕ್ಕೆ ನಡುವೆ ಕೂತಿತು. ಎಡಗಣ್ಣಿನಲ್ಲಿ ನಡುವೆ ಇರಲಿಲ್ಲ. ಕಿವಿಯ ಕಡೆಗೆ ಸರಿದಿತ್ತು. ಮಗು ಅಲುಗಾಡಿರಬೇಕು ಎಂದುಕೊಂಡೆ. ಎರಡನೇ ಸಲ ಹಿಡಿದೆ. ಹಾಗೇ ಇತ್ತು. ಮೂರನೇ ಸಲ ಹಿಡಿಯುವಾಗ ಗುಂಡ ಟಾರ್ಚಿಗೆ ಕೈ ಚಾಚಿ ಕೇಕೆ ಹಾಕಿದ.

“ಏನಾಯ್ತು ಮಾವ?”

ಮನೆಯವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಈ ವಿದ್ಯೆಯನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. “ಸರಿಯಾಗೇ ಇದೆ,” ಎಂದೆ. “ನಮ್ಮ ಮೂಗೇ.”

ಅವಳು ಚೀಲ ಕೆಳಗಿಟ್ಟಳು. ಇನ್ನೂ ಹೊತ್ತಿದೆ ಎಂದು ಅರ್ಧ ದಿನದ ಕೆಲಸಕ್ಕೆ ಹೊರಟುಹೋದಳು.

ಗುಂಡನಿಗೆ ಏಳು ತಿಂಗಳಾದಾಗ ಬೆನ್ನು ನೆಟ್ಟಗೆ ಮಾಡಿ ಕೂರತೊಡಗಿದ. ಸ್ಟುಡಿಯೋದ ಗಾಜಿನ ಕಪಾಟಿಗೆ ಒಂದು ಒಳ್ಳೆಯ ಮಗುವಿನ ಫೋಟೋ ಬೇಕೆಂದು ಮಗ ಬಹಳ ದಿನದಿಂದ ಹೇಳುತ್ತಿದ್ದ. ನೀಲಿ ಪರದೆ ಇಳಿಬಿಟ್ಟು, ಗುಂಡನನ್ನು ದಿಂಬಿಗೆ ಒರಗಿಸಿದೆವು. ಮೆಳ್ಳಗಣ್ಣಿನವರು ಬಂದರೆ ಮುಖವನ್ನು ಸ್ವಲ್ಪ ಓರೆ ಮಾಡಿಸಿ ಕೂರಿಸುವುದು ನಮ್ಮ ಕಸುಬಿನಲ್ಲಿ ರೂಢಿ. ಓರೆಗಣ್ಣು ಗೊತ್ತಾಗುವುದಿಲ್ಲ, ಬಂದವರಿಗೆ ಸಂತೋಷವಾಗುತ್ತದೆ. ನಾನು ಗಿಲಕಿ ಹಿಡಿದು ಗುಂಡನ ಮುಖವನ್ನು ಎಡಕ್ಕೆ ತಿರುಗಿಸಿದೆ. ಮಗ ಫ್ಲ್ಯಾಷ್ ಹಾಕಿ ತೆಗೆದ.

ಕಂಪ್ಯೂಟರಿನಲ್ಲಿ ನೋಡಿದಾಗ ಎಡಗಣ್ಣಿನ ನಡುವೆ ಬೆಳ್ಳಗೆ ಹೊಳೆಯುತ್ತಿತ್ತು.

“ಇದೇನಪ್ಪ? ಫ್ಲ್ಯಾಷಿಗೆ ಕೆಂಪು ಬರಬೇಕಿತ್ತು, ಬಿಳಿ ಬಂದಿದೆ,” ಎಂದ ಮಗ.

“ಫ್ಲ್ಯಾಷ್ ಓರೆಯಾಗಿ ಬಡಿದಿದೆ. ತೆಗೆದುಹಾಕು,” ಎಂದೆ.

ಮಗ ಬಲಗಣ್ಣಿನ ಕಪ್ಪನ್ನು ಎತ್ತಿ ಎಡಗಣ್ಣಿಗೆ ಕೂರಿಸಿದ. ಎರಡು ನಿಮಿಷದ ಕೆಲಸ. ಫೋಟೋ ಬಹಳ ಚೆನ್ನಾಗಿ ಬಂತು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಆ ಫೋಟೋ ನೋಡಿ ತಮ್ಮ ಮಕ್ಕಳನ್ನು ಕರೆತಂದವರೂ ಇದ್ದರು.

ಒಂಬತ್ತನೇ ತಿಂಗಳ ಚುಚ್ಚುಮದ್ದಿನ ಹೊತ್ತಿಗೆ ಗುಂಡನಿಗೆ ನೆಗಡಿ ಕೆಮ್ಮು ಹಿಡಿಯಿತು. ಆಮೇಲೆ ಪಟಪಟಿಗೆ ಜ್ವರ ಬಂತು. ಹಾಗಾಗಿ ಅವನನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದದ್ದು ಹನ್ನೊಂದನೇ ತಿಂಗಳಿನಲ್ಲಿ. ಸೊಸೆಯ ಜೊತೆ ನಾನೂ ಹೋಗಿದ್ದೆ. ನರ್ಸಮ್ಮ ತೊಡೆಗೆ ಸೂಜಿ ಚುಚ್ಚಿ, ಅಳುತ್ತಿದ್ದ ಗುಂಡನನ್ನು ಎತ್ತಿ ದೀಪದ ಕೆಳಗೆ ಆಡಿಸುತ್ತಿದ್ದವರು ಇದ್ದಕ್ಕಿದ್ದ ಹಾಗೆ ಆಟ ನಿಲ್ಲಿಸಿದರು.

“ಈ ಕಣ್ಣು ಎಷ್ಟು ದಿನದಿಂದ ಹೀಗೆ?”

“ಐದನೇ ತಿಂಗಳಿಂದ ಓರೆ ಇದೆ,” ಎಂದಳು ಸೊಸೆ. “ಅಕ್ಕನಿಗೂ ಹಾಗೇ ಇತ್ತು...”

“ಓರೆ ಬಿಡಮ್ಮ. ಒಳಗೆ ಬೆಳ್ಳಗಿದೆಯಲ್ಲ. ಯಾರೂ ನೋಡ್ಲಿಲ್ವಾ?”

ನಾನು ಗೋಡೆಯ ಕಡೆ ನೋಡಿದೆ.

“ಹುಟ್ಟಿದ ಹೊಸದರಲ್ಲಿ ಕೂಸುಗಳ ಕಣ್ಣು ಅತ್ತಿತ್ತ ಓಡಾಡುತ್ತೆ, ಅದಕ್ಕೇನೂ ಹೆದರಬೇಕಿಲ್ಲ,” ಎಂದರು ಆಕೆ, ಚೀಟಿ ಬರೆಯುತ್ತಲೇ. “ನಾಲ್ಕು ತಿಂಗಳು ಕಳೆದ ಮೇಲೂ ಓರೆ ಇದ್ರೆ ತೋರಿಸ್ಬೇಕು. ಒಂದೇ ಕಣ್ಣು ಯಾವಾಗಲೂ ಓರೆ ಇದ್ರೆ ತಡ ಮಾಡದೆ ತೋರಿಸ್ಬೇಕು. ಕಣ್ಣೊಳಗೆ ಬಿಳಿ ಕಂಡರೆ ಒಂದು ದಿನವೂ ಕಾಯಬಾರದು. ಇವತ್ತೇ ಆಸ್ಪತ್ರೆಗೆ ಹೋಗಿ. ಮನೆಗೆ ಹೋಗಿ ಆಮೇಲೆ ಹೋಗ್ತೀನಿ ಅನ್ಬೇಡಿ. ಇಲ್ಲಿಂದಲೇ ಹೋಗಿ.”

ಅಂದು ಗುರುವಾರವಾಗಿರಲಿಲ್ಲ. ಆದರೂ ಆ ಚೀಟಿ ನೋಡಿದ ಕೂಡಲೇ ಒಳಗೆ ಬಿಟ್ಟರು.

ಕಣ್ಣಿನೊಳಗೆ ಗಡ್ಡೆ ಬೆಳೆದಿದೆ, ಅದು ಕ್ಯಾನ್ಸರು ಎಂದು ತಿಳಿಯಲು ನಾಲ್ಕು ದಿನ ಹಿಡಿಯಿತು. ಅದು ಕಣ್ಣಿನ ಹಿಂದಿನ ನರ ಹಿಡಿದು ತಲೆಯ ಕಡೆಗೆ ಹೊರಟಿದೆ ಎಂದು ತಿಳಿದದ್ದು ಐದನೇ ದಿನ. ಡಾಕ್ಟರು ಹೆಂಗಸು, ನನ್ನ ಸೊಸೆಗಿಂತ ಸ್ವಲ್ಪ ದೊಡ್ಡವರಿರಬಹುದು. ಮಗ, ಸೊಸೆ, ನಾನು ಮೂವರೂ ಎದುರಿಗೆ ಕೂತಿದ್ದೆವು.

“ಎಂದಿನಿಂದ ಇದೆ ಅಂತ ಗೊತ್ತಾದ್ರೆ ಒಳ್ಳೇದು. ಫ್ಲ್ಯಾಷ್ ಹಾಕಿ ತೆಗೆದ ಫೋಟೋಗಳಲ್ಲಿ ಈ ಬಿಳಿ ಮೊದಲೇ ಕಾಣಿಸುತ್ತೆ. ಮಗುವಿನ ಹಳೇ ಫೋಟೋ ಏನಾದ್ರೂ ಇದೆಯಾ?”

“ನಮ್ಮದು ಫೋಟೋ ಸ್ಟುಡಿಯೋನೇ,” ಎಂದಳು ಸೊಸೆ. “ಬೇಕಾದಷ್ಟಿದೆ. ಒಂದರಲ್ಲೂ ಬಿಳಿ ಇಲ್ಲ.”

ಮಗ ಬಗ್ಗಿ ತನ್ನ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಅದು ಸರಿಯಾಗಿಯೇ ಇತ್ತು. ಸೊಸೆ ಅವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಮನೆಗೆ ಬಂದವಳು ನೀರನ್ನೂ ಕುಡಿಯಲಿಲ್ಲ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ನಮ್ಮಿಬ್ಬರನ್ನೂ ಅಂಗಡಿಗೆ ಕರೆದುಕೊಂಡು ಹೋದಳು.

“ತೆಗೀರಿ.”

“ಏನು?” ಎಂದ ಮಗ.

“ತಿದ್ದೋ ಮುಂಚಿನವು. ಗಿರಾಕಿ ವಾಪಸ್ ಬಂದು ಜಗಳ ಆಡ್ತಾರೆ ಅಂತ ನೀವು ಯಾವುದನ್ನೂ ಅಳಿಸಲ್ಲ. ನನಗೆ ಗೊತ್ತು.”

ಮಗ ತೆಗೆದ. ನಾಲ್ಕು ತಿಂಗಳಲ್ಲಿ ಹನ್ನೊಂದು ಸಲ ಗುಂಡನ ಫೋಟೋ ತೆಗೆದಿದ್ದೆವು. ಅವಳು ಪರದೆಗೆ ಬೆರಳು ತಾಗಿಸಿ ಒಂದೊಂದನ್ನೇ ನೋಡಿದಳು. ಏಳರಲ್ಲಿ ಬಿಳಿ ಇತ್ತು. ಹೋಗಹೋಗುತ್ತ ದೊಡ್ಡದಾಗಿತ್ತು.

“ಯಾರು ತಿದ್ದಿದ್ದು?”

“ನಾನೇ.”

“ಏಳು ಸಲವೂ?”

“ಅಪ್ಪ ಫ್ಲ್ಯಾಷ್ ಬಡಿದಿದೆ ಅಂದ್ರು...”

“ಮಾವ ಒಂದು ಸಲ ಅಂದಿರ್ತಾರೆ. ಉಳಿದ ಆರು?”

“ದಿನಕ್ಕೆ ಮೂವತ್ತು ಮುಖ ತಿದ್ದುತ್ತೀನಿ ಕಣೇ. ಮೊಡವೆ, ಕಲೆ, ಕೆಂಪು ಕಣ್ಣು. ಕೈ ತಾನಾಗೇ ಹೋಗುತ್ತೆ. ನಾನು... ನಾನು ನೋಡೋದೇ ಇಲ್ಲ.”

“ಮಗನ ಮುಖವನ್ನೂ ನೋಡ್ಲಿಲ್ವಾ?”

ಅವನು ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದ. ಆಗ ನಾನು ಸುಮ್ಮನಿದ್ದರೆ ತಪ್ಪೆಲ್ಲ ಅವನೊಬ್ಬನ ಮೇಲೆ ಉಳಿಯುತ್ತಿತ್ತು.

“ಅಮ್ಮಾ,” ಎಂದೆ, “ಆ ಗುರುವಾರ ನಾನು ಟಾರ್ಚು ಹಿಡಿದೆನಲ್ಲ. ಎಡಗಣ್ಣಿನಲ್ಲಿ ಚುಕ್ಕೆ ನಡುವೆ ಇರಲಿಲ್ಲ.”

“ಏನಂದ್ರಿ?”

“ಮೂರು ಸಲ ನೋಡಿದೆ. ಮೂರು ಸಲವೂ ಇರಲಿಲ್ಲ. ನಾನು ಸರಿ ಇದೆ ಅಂದೆ.”

ಅವಳು ಕೂಗಾಡುತ್ತಾಳೆ ಎಂದುಕೊಂಡೆ. ಹೊಡೆದರೂ ಹೊಡೆಯಲಿ ಎಂದುಕೊಂಡೆ. ಅವಳು ಗೋಡೆಯ ಗಡಿಯಾರ ನೋಡಿ, “ಪಟಪಟಿ ಶಾಲೆಯಿಂದ ಬರೋ ಹೊತ್ತಾಯ್ತು. ಅವಳಿಗೆ ಊಟ ಹಾಕ್ಬೇಕು,” ಎಂದು ಹೊರಟುಹೋದಳು.

ಮರುವಾರ ಗುಂಡನ ಎಡಗಣ್ಣು ತೆಗೆದರು. ಆಮೇಲೆ ಔಷಧಿ ಶುರುವಾಯಿತು. ತಲೆಯ ಕೂದಲು ಹೋಯಿತು. ಬೇಕರಿಯ ಕೆಲಸ ಬಿಟ್ಟು ಸೊಸೆ ಆಸ್ಪತ್ರೆಯಲ್ಲೇ ಉಳಿದಳು. ನನ್ನ ಹೆಂಡತಿ ಮಧ್ಯಾಹ್ನ ಅನ್ನ ಬೇಳೆ ಮೊಟ್ಟೆ ಡಬ್ಬಿಗೆ ತುಂಬಿ ಕಳಿಸುತ್ತಿದ್ದಳು. ಒಯ್ಯುತ್ತಿದ್ದವನು ನಾನು. ಸೊಸೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಳ್ಳುತ್ತಿರಲಿಲ್ಲ. “ಅಲ್ಲಿಡಿ,” ಎನ್ನುತ್ತಿದ್ದಳು. ನಾನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ನಿನ್ನೆಯ ಡಬ್ಬಿ ಎತ್ತಿಕೊಂಡು ಬರುತ್ತಿದ್ದೆ. ಎಷ್ಟೋ ದಿನ ಅದು ಅರ್ಧ ತುಂಬಿಯೇ ಇರುತ್ತಿತ್ತು.

ಒಮ್ಮೆ ನಾನು ಹೋದಾಗ ಡಾಕ್ಟರು ಮಂಚದ ಹತ್ತಿರ ನಿಂತಿದ್ದರು. ಸೊಸೆ ನಾನಿದ್ದೇನೆಂದು ತಿಳಿದೇ ಕೇಳಿದಳು, “ಐದನೇ ತಿಂಗಳಲ್ಲೇ ತಂದಿದ್ರೆ?”

ಆಕೆ ಮಗುವಿನ ಹೊದಿಕೆ ಸರಿಮಾಡಿದರು. “ಖಂಡಿತ ಅಂತ ಹೇಳೋಕಾಗಲ್ಲಮ್ಮ. ಕಣ್ಣು ಹೋಗ್ತಿತ್ತೋ ಏನೋ. ಜೀವ ಬಹುಮಟ್ಟಿಗೆ ಉಳೀತಿತ್ತು.”

“ಕೇಳಿಸ್ತಾ ಮಾವ?” ಎಂದಳು ಅವಳು.

“ಕೇಳಿಸ್ತಮ್ಮ.”

ಕೊನೆಯ ಮೂರು ವಾರ ಗುಂಡ ಬಹಳ ನೋವು ತಿಂದ. ಎಡಗಡೆಗೆ ಮಲಗಿಸಿದರೆ ಕಿರುಚುತ್ತಿದ್ದ. ತಾಯಿ ಹೆಗಲಿಗೆ ಹಾಕಿಕೊಂಡು ವಾರ್ಡಿನ ಉದ್ದಕ್ಕೂ ನಡೆದರೆ ಮಾತ್ರ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದ. ಅವಳ ಕಾಲು ಊದಿಕೊಂಡಿತ್ತು. “ನಾನು ಎತ್ಕೋತೀನಿ, ಕೊಡಮ್ಮ,” ಎಂದು ನಾನು ಕೈ ಚಾಚಿದರೆ ಅವಳು ಕೇಳಿಸದವಳ ಹಾಗೆ ಮುಂದೆ ನಡೆಯುತ್ತಿದ್ದಳು.

ಆಮೇಲೆ ಆ ಫೋನು ಬಂತು.

ಮಣ್ಣು ಮಾಡಿ ಬಂದ ಎಂಟನೇ ದಿನ ಸೊಸೆ ಪಟಪಟಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಳು. ಇಂಥ ಕಾಯಿಲೆ ಬಂದ ಮನೆಯಲ್ಲಿ ಉಳಿದ ಮಕ್ಕಳ ಕಣ್ಣನ್ನೂ ನೋಡಬೇಕಂತೆ. ಮಗ, “ನಾನೂ ಬರ್ತೀನಿ,” ಎಂದ. “ಅಂಗಡಿ?” ಎಂದಳು ಅವಳು. “ಅಂಗಡಿ ಹಾಳಾಗಿ ಹೋಗ್ಲಿ,” ಎಂದ ಅವನು. ಇಬ್ಬರ ನಡುವೆ ಅದು ಎಂಟು ದಿನಗಳಲ್ಲಿ ನಡೆದ ಮೊದಲ ಮಾತು. ಸಂಜೆ ಮೂವರೂ ಹಿಂದಿರುಗಿದರು. ಪಟಪಟಿ ಬಾಗಿಲಿನಿಂದಲೇ ಕೂಗಿದಳು, “ಅಜ್ಜೀ, ನನ್ನ ಕಣ್ಣಲ್ಲಿ ಏನೂ ಇಲ್ವಂತೆ! ಡ್ರಾಪ್ಸ್ ಹಾಕಿದ್ರು, ನೀನು ಮಸುಕು ಮಸುಕಾಗಿ ಕಾಣ್ತೀಯ!” ಕೂಗಿದ ಮೇಲೆ ತಾನು ಕೂಗಬಾರದಿತ್ತೇನೋ ಎನಿಸಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಅಜ್ಜಿ ಅವಳನ್ನು ತಬ್ಬಿಕೊಂಡು ಅಡುಗೆಮನೆಯೊಳಗೆ ಕರೆದೊಯ್ದಳು.

ಊಟಕ್ಕೆ ಮುಂಚೆ ನಾನು ಎಂದಿನಂತೆ ಪ್ರಾರ್ಥನೆಗೆ ಕೂತೆ. ಮನೆಯಲ್ಲಿ ಮೊದಲು ಎಲ್ಲರೂ ಕೂರುತ್ತಿದ್ದರು. ಈಚೆಗೆ ನಾನೊಬ್ಬನೇ. ಅಷ್ಟು ದಿನವೂ ನಾನು ಬೇಡಿಕೊಂಡದ್ದು ನನ್ನ ಪಾಪದ ಕ್ಷಮೆಯನ್ನು. ಅಂದೂ ಅದನ್ನೇ ಶುರುಮಾಡಿದ್ದೆ. ಸೊಸೆ ಒಳಗಿನಿಂದ ಬಂದು ಸ್ವಲ್ಪ ದೂರದಲ್ಲಿ, ಗೋಡೆಗೆ ಒರಗಿ ಕೂತಳು.

“ಮಾವ, ಒಂದು ಮಾತು.”

“ಹೇಳಮ್ಮ.”

“ನಾನು ನಿಮ್ಮನ್ನ ಕ್ಷಮಿಸಿಲ್ಲ. ನಿಮ್ಮ ಮಗನನ್ನೂ ಕ್ಷಮಿಸಿಲ್ಲ. ಆ ದಿನ ಚೀಲ ಕೆಳಗಿಟ್ಟೆನಲ್ಲ, ನನ್ನನ್ನೂ ಕ್ಷಮಿಸಿಕೊಂಡಿಲ್ಲ. ದಿನಾ ನೀವು ನಿಮಗೋಸ್ಕರ ಕೇಳ್ಕೊಳ್ಳೋದು ನನಗೆ ಒಳಗೆ ಕೇಳಿಸುತ್ತೆ. ಇವತ್ತು ನಿಮಗೆ ಏನೂ ಕೇಳ್ಬೇಡಿ. ನನಗೂ ಬೇಡ. ಗುಂಡನಿಗೋಸ್ಕರ ಮಾತ್ರ ಕೇಳಿ.”

ಮಗನೂ ಬಂದು ಕೂತ. ನನ್ನ ಹೆಂಡತಿ ಒಲೆ ಆರಿಸಿ, ಪಟಪಟಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ನಾನು ಮೊದಲಿನಿಂದ ಶುರುಮಾಡಿದೆ.

ದೇವರೇ, ಹದಿನೈದು ತಿಂಗಳ ಮಗುವೊಂದು ನಿನ್ನ ಬಳಿಗೆ ಬಂದಿದೆ. ಅವನಿಗೆ ಇನ್ನೂ ಮಾತು ಬರುವುದಿಲ್ಲ. ಎಲ್ಲಿ ನೋಯುತ್ತದೆ ಎಂದು ಅವನು ಹೇಳಲಾರ, ನೀನೇ ತಿಳಿದುಕೊಳ್ಳಬೇಕು. ಅವನನ್ನು ಎಡಮಗ್ಗುಲಿಗೆ ಮಲಗಿಸಬೇಡ. ಅತ್ತರೆ ಎತ್ತಿಕೋ, ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ನಡೆ. ಬೇಗ ಇಳಿಸಬೇಡ, ಎಚ್ಚರವಾಗುತ್ತಾನೆ. ನಾವು ಇಲ್ಲಿ ಹೇಗಾದರೂ ಇರುತ್ತೇವೆ. ಆ ಕೂಸಿಗೆ ಶಾಂತಿ ಕೊಡು.